ಹಿಂದಿನ ಸಾಲಿನ ಊದಾವ

ಅರವತ್ತೇಳರ ವಯಸ್ಸಿಗೆ ಜಕ್ಕಪ್ಪನ ಮೇಲಿನ ಸಾಲಿನಲ್ಲಿ ಉಳಿದಿದ್ದ ಮುಂಹಲ್ಲು ಎರಡೇ ಎರಡು. ಆ ಎರಡನ್ನೂ ಅವನು ವಿರುಪಾಕ್ಷಪ್ಪನ ಮೇಲಿನ ಸೇಡಿಗೆಂದು ಕಾಪಾಡಿಕೊಂಡು ಬಂದಿದ್ದ.

ಸ್ಯಾಕ್ಸೋಫೋನು ಊದುವವನಿಗೆ ಮುಂಹಲ್ಲು ಬೇಕೇ ಬೇಕು. ವಾದ್ಯದ ಬಾಯನ್ನು ಕೆಳತುಟಿಯ ಮೇಲಿಟ್ಟು ಮೇಲಿನ ಹಲ್ಲಿನಿಂದ ಒತ್ತಿ ಹಿಡಿಯದಿದ್ದರೆ ನಾದ ನಡುಗುತ್ತದೆ. ಉಸಿರು ಕಡಿಮೆಯಾದರೆ ಇದ್ದಷ್ಟರಲ್ಲೇ ಊದಬಹುದು, ಬೆರಳು ಬಿಗಿದರೆ ಎಣ್ಣೆ ತಿಕ್ಕಬಹುದು, ಹಲ್ಲು ಹೋದರೆ ಅಂಗಡಿ ಮುಚ್ಚಿದಂತೆ. ಅದಕ್ಕೇ ಜಕ್ಕಪ್ಪ ಎರಡು ವರ್ಷದಿಂದ ಕಬ್ಬು ಸಿಗಿದಿರಲಿಲ್ಲ, ಶೇಂಗಾ ಮುಟ್ಟಿರಲಿಲ್ಲ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೂಸಿನಂತೆ ತಿನ್ನುತ್ತಿದ್ದ. ಎರಡರಲ್ಲಿ ಒಂದು ಹಲ್ಲು ಆಗಲೇ ಅಲುಗಾಡತೊಡಗಿತ್ತು.

"ರಾಯಬಾಗದಾಗ ಹಲ್ಲಿನ ಡಾಕ್ಟರ್ ಅದಾನ. ಹೋಗಿ ಕೀಳಿಸ್ಕೊಂಡ ಬರ್ರಿ," ಎಂದು ಹೆಂಡತಿ ರಾಮವ್ವ ದಿನಾ ಬೈಯುತ್ತಿದ್ದಳು. "ನಿಮಗ ರೊಟ್ಟಿ ನೆನಸಿ ನೆನಸಿ ನನಗ ಸಾಕಾಗೇತಿ."

"ಇನ್ನೊಂದ ಸುಪಾರಿ ಐತಿ. ಅದೊಂದ ಮುಗೀಲಿ."

"ಯಾರ ಸುಪಾರಿ? ಊರಾಗೆಲ್ಲಾ ಡಾಲ್ಬಿ ಸ್ಪೀಕರ್ ಬಂದಾವ. ನಿಮ್ಮನ್ನ ಯಾರ ಕರೀತಾರ ಈಗ?"

ಸುಪಾರಿ ಎಂದರೆ ಪತ್ರಿಕೆ ಓದುವವರಿಗೆ ಕೊಲೆಯ ಗುತ್ತಿಗೆ ನೆನಪಾಗಬಹುದು. ನಿಪ್ಪಾಣಿ, ಚಿಕ್ಕೋಡಿ ಕಡೆಯ ಬ್ಯಾಂಡಿನವರಿಗೆ ಅದು ಅನ್ನದ ಮಾತು. ಮದುವೆ ಗೊತ್ತಾದ ಮನೆಯವರು ಬಂದು ಎರಡು ಎಲೆ, ಒಂದು ಅಡಿಕೆ ಅಂಗೈಯಲ್ಲಿಟ್ಟರೆ ಸುಪಾರಿ ಕೊಟ್ಟಂತೆ, ಬೆರಳು ಮಡಚಿದರೆ ತಗೊಂಡಂತೆ. ಅಲ್ಲಿಂದ ಮುಂದೆ ಜ್ವರ ಬರಲಿ, ಮಳೆ ಬರಲಿ, ಬೀಗರು ಬಡಿದಾಡಲಿ, ಬಾರಿಸುವುದನ್ನು ನಡುವೆ ಬಿಡುವ ಹಾಗಿಲ್ಲ. ನಡುವೆ ಬಿಟ್ಟವನನ್ನು ಮತ್ತೆ ಯಾವ ಕಂಪನಿಯವರೂ ಕರೆಯುವುದಿಲ್ಲ, ಅವನ ಮಗನನ್ನೂ ಕರೆಯುವುದಿಲ್ಲ. ಮೂವತ್ತೆಂಟು ವರ್ಷದ ದುಡಿಮೆಯಲ್ಲಿ ಜಕ್ಕಪ್ಪ ಒಂದು ಸುಪಾರಿಯನ್ನೂ ನಡುವೆ ಬಿಟ್ಟಿರಲಿಲ್ಲ. ಅವನ ಹೆಮ್ಮೆಯೂ ಅದೇ, ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿಯೂ ಅದೇ.

ಜಕ್ಕಪ್ಪ ರಾಯಬಾಗದಾಚೆ ಕುಡಚಿ ಹತ್ತಿರದ ಹಳ್ಳಿಯ ಕುರಿಗಾರರ ಹುಡುಗ. ಹತ್ತೊಂಬತ್ತಕ್ಕೆ ಕುರಿ ಬಿಟ್ಟು ಚಿಕ್ಕೋಡಿಯ ಬ್ಯಾಂಡ್ ಕಂಪನಿ ಸೇರಿದಾಗ ಅವನಿಗೆ ಸಿಕ್ಕ ಹುದ್ದೆ 'ಹಿಡಿಯಾವ'. ಬ್ಯಾಂಡಿನಲ್ಲಿ ಎರಡು ಜಾತಿ: ಊದಾವ, ಹಿಡಿಯಾವ. ಹದಿನೈದು ಮಂದಿಯ ಬ್ಯಾಂಡು ಎಂದು ಮಾತಾಗಿದ್ದರೆ ನಿಜವಾಗಿ ಊದುವವರು ಏಳು ಮಂದಿ. ಉಳಿದವರು ಕೆಂಪು ಕೋಟು ಹಾಕಿ, ವಾದ್ಯ ಹಿಡಿದು, ಕೆನ್ನೆ ಉಬ್ಬಿಸಿ, ಬೆರಳು ಕುಣಿಸುತ್ತ ಹೆಜ್ಜೆ ಹಾಕುವವರು. ಇದು ಮೋಸವೆಂದು ಯಾರೂ ತಿಳಿಯುತ್ತಿರಲಿಲ್ಲ. ಬೀಗರಿಗೆ ತಲೆ ಎಣಿಸಿದರೆ ಸಾಕಾಗಿತ್ತು.

ಹಿಡಿದುಕೊಂಡು ಸುಮ್ಮನೆ ನಡೆಯಲು ಜಕ್ಕಪ್ಪನಿಗೆ ನಾಚಿಕೆ. ನಾದ ಹುಟ್ಟಿಸುವ 'ಪತ್ತಿ' ಎನ್ನುವ ತೆಳು ಸೀಳನ್ನು ಯಾರೋ ಎಸೆದಿದ್ದರಲ್ಲಿ ಹೆಕ್ಕಿ ತಂದು, ವಾದ್ಯಕ್ಕೆ ಕಟ್ಟಿ, ಕುರಿಗಳ ನಡುವೆ ಕೂತು ಊದಿ ಊದಿ ಕಲಿತ. ಮದುವೆಯಿಲ್ಲದ ಮಳೆಗಾಲದಲ್ಲಿ ನಿಪ್ಪಾಣಿಗೆ ಹೋದ. ಅಲ್ಲಿ ತಂಬಾಕಿನ ವ್ಯಾಪಾರಿಗಳ ಆರ್ಕೆಸ್ಟ್ರಾದಲ್ಲಿ ಗೋವಾದ ಒಬ್ಬ ಮುದುಕ ಮಾಸ್ತರನಿದ್ದ. ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ಬಾರಿಸಿ ಬಂದವನು. ಹಾಡನ್ನು ಮೊದಲ ಸಲ ಇದ್ದ ಹಾಗೆಯೇ ಊದು, ಎರಡನೆಯ ಸಲ ನಿನ್ನ ಮನಸ್ಸಿಗೆ ಬಂದ ಹಾಗೆ ಊದು, ಮೂರನೆಯ ಸಲ ಮರಳಿ ಬಾ ಎಂದು ಅವನು ಅರ್ಧ ಮರಾಠಿಯಲ್ಲಿ, ಅರ್ಧ ಕೈಸನ್ನೆಯಲ್ಲಿ ಕಲಿಸಿದ. ಜಕ್ಕಪ್ಪನಿಗೆ ತಟ್ಟನೆ ತಿಳಿಯಿತು. ಮುಂಜಾನೆ ದೊಡ್ಡಿಯಿಂದ ಕುರಿ ಬಿಡುವುದು, ದಿನವಿಡೀ ಎಲ್ಲಿ ಬೇಕಾದಲ್ಲಿ ಮೇಯಲು ಬಿಡುವುದು, ಸಂಜೆಗೆ ಒಂದೂ ತಪ್ಪದಂತೆ ದೊಡ್ಡಿಗೆ ತರುವುದು. ನಾಲ್ಕು ಮಳೆಗಾಲ ಕಲಿತ. ಊರಿನವರಿಗೆ ಮಾತ್ರ ಜಾಝ್ ಎನ್ನುವ ಮಾತು ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. ಡೊಳ್ಳಿನ ಜೊತೆ ಬಡಿಯುವ ತಾಳದ ಝಾಂಜ್ ಎಂದುಕೊಂಡು ಅವನನ್ನು ಝಾಂಜ್ ಜಕ್ಕಪ್ಪ ಎಂದು ಕರೆದರು.

ಕಂಪನಿಯ ಮಾಲಕ ವಿರುಪಾಕ್ಷಪ್ಪ. ಏಕಸಂಬಿಯಲ್ಲಿ ಕಬ್ಬು, ಅಥಣಿ ಕಡೆ ದ್ರಾಕ್ಷಿ ತೋಟ. ಬ್ಯಾಂಡು ಅವನ ಅಪ್ಪ ಶೋಕಿಗೆಂದು ಕಟ್ಟಿದ್ದು. ಆರಡಿ ಎತ್ತರ, ಹುರಿಮೀಸೆ, ಬಂಗಾರದ ಬಣ್ಣದ ಜರಿ ಇಳಿಬಿದ್ದ ಕೋಟು. ಸ್ಯಾಕ್ಸೋಫೋನು ಹಿಡಿದು ಮುಂದೆ ನಿಂತರೆ ಹೆಣ್ಣಿನ ಕಡೆಯವರು ಮದುಮಗನನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಊದಲು ಮಾತ್ರ ಬರುತ್ತಿರಲಿಲ್ಲ. ಅಷ್ಟೂ ಹಿಡಿಯಾವರಲ್ಲಿ ದೊಡ್ಡ ಹಿಡಿಯಾವ ಅವನೇ. ಅವನ ಬೆನ್ನ ಹಿಂದೆ, ತುತ್ತೂರಿಯವರ ಮರೆಯಲ್ಲಿ ನಿಂತು ಜಕ್ಕಪ್ಪ ಊದುತ್ತಿದ್ದ. ವಿರುಪಾಕ್ಷಪ್ಪನ ಬೆರಳು ಮುಂದೆ ಕುಣಿಯುತ್ತಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೆ ಜಕ್ಕಪ್ಪನಿಗೆ ಎಂದೂ ಸಿಟ್ಟು ಬಂದದ್ದಿಲ್ಲ. ಧಂದೆ ಇರುವುದೇ ಹಾಗೆ ಎಂದುಕೊಂಡು ಹತ್ತೊಂಬತ್ತು ವರ್ಷ ಹಿಂದಿನ ಸಾಲಿನಲ್ಲಿ ನಿಂತ.

ಸಿಟ್ಟು ಹುಟ್ಟಿದ್ದು ಕಾಗವಾಡದಲ್ಲಿ, ಸಾವಿರದ ಒಂಬೈನೂರ ತೊಂಬತ್ತೈದರ ಮೇ ತಿಂಗಳಲ್ಲಿ.

ದೊಡ್ಡ ಮನೆತನದ ಮದುವೆ. ಮದುಮಗನ ಮೆರವಣಿಗೆ, ವರಾತ, ಮಧ್ಯಾಹ್ನ ಹನುಮಂತ ದೇವರ ಗುಡಿಯಿಂದ ಹೊರಟಿತ್ತು. ವಿಡಿಯೋದವನು ಹಗ್ಗದಷ್ಟು ಉದ್ದದ ವಾಯರು ಎಳೆದುಕೊಂಡು ಹಿಂದೆ ಹಿಂದೆ ಬರುತ್ತಿದ್ದ. ಎಲ್ಲರೂ ಕೇಳುವ ಒಂದು ಸಿನಿಮಾ ಹಾಡನ್ನು ಜಕ್ಕಪ್ಪ ಎತ್ತಿಕೊಂಡು, ಒಂದು ಸುತ್ತು ನೇರವಾಗಿ ಊದಿ, ಎರಡನೆಯ ಸುತ್ತಿಗೆ ಕುರಿ ಬಿಟ್ಟಿದ್ದ. ಅಷ್ಟರಲ್ಲಿ ಅವನ ಕಾಕಾನ ಮಗ ಮಲಕಾರಿ ಮಂದಿಯನ್ನು ತಳ್ಳಿಕೊಂಡು ಬಂದು ಕಿವಿಯಲ್ಲಿ ಹೇಳಿದ.

"ಜಕ್ಕಣ್ಣಾ, ಲಕ್ಕವ್ವಾಯಿ ಹೋದಳು. ಹೊತ್ತ ಮುಳಗೂದ್ರಾಗ ಮಣ್ಣ ಮಾಡ್ತಾರ. ಲಗೂ ನಡಿ."

ಲಕ್ಕವ್ವ ಜಕ್ಕಪ್ಪನ ತಾಯಿ. ಅವನು ವಾದ್ಯವನ್ನು ತುಟಿಯಿಂದ ತೆಗೆದ. ಡೋಲಿನವರು ಗೊತ್ತಿಲ್ಲದೆ ಬಾರಿಸುತ್ತಲೇ ಇದ್ದರು. ಸ್ಯಾಕ್ಸೋಫೋನು ನಿಂತದ್ದಕ್ಕೆ ವಿರುಪಾಕ್ಷಪ್ಪ ಹಿಂದಿರುಗಿ ನೋಡಿದ, ಮಲಕಾರಿಯ ಮುಖ ನೋಡಿದ, ಎರಡು ಮಾತಿನಲ್ಲಿ ವಿಷಯ ಕೇಳಿಕೊಂಡ. ಕೇಳಿಕೊಂಡು ಹಲ್ಲು ಕಚ್ಚಿ ಅಂದ:

"ಬಾರಸಲೇ. ಸುಪಾರಿ ತಗೊಂಡೀವಿ."

ಜಕ್ಕಪ್ಪ ಬಾರಿಸಿದ. ಯಾಕೆ ಬಾರಿಸಿದೆ ಎಂದು ಆಮೇಲೆ ತನ್ನನ್ನು ತಾನು ಲಕ್ಷ ಸಲ ಕೇಳಿಕೊಂಡಿದ್ದಾನೆ. ಮಾಲಕನ ಹೆದರಿಕೆಗೋ, ರೂಢಿಗೋ, ಸುಪಾರಿಯ ಆಣೆಗೋ, ಅವನಿಗೇ ಗೊತ್ತಿಲ್ಲ. ಆದರೆ ಅವನ ಎದೆಯಿಂದ ಹೊರಟದ್ದು ಮದುವೆಯ ಹಾಡಾಗಿರಲಿಲ್ಲ. ಹೆಣದ ಮುಂದೆ ಕೂತು ಹೆಂಗಸರು ಹೆಸರು ಹಿಡಿದು ಅಳುತ್ತಾರಲ್ಲ, ಆ ಅಳು ಹಾಡಿನ ಒಳಗೆ ಹೊಕ್ಕಿತು. ಕುಣಿಯುತ್ತಿದ್ದವರು ನಿಂತರು. ಮದುಮಗನ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವಿರುಪಾಕ್ಷಪ್ಪನ ಜೇಬಿಗೆ ನೋಟು ಸಿಕ್ಕಿಸಲು ಮಂದಿ ಮುಗಿಬಿದ್ದರು. ವರಾತ ಮುಗಿದು ಜಕ್ಕಪ್ಪ ಕೃಷ್ಣೆ ದಾಟಿ ಊರು ಸೇರುವ ಹೊತ್ತಿಗೆ ಅವ್ವನನ್ನು ಮಣ್ಣು ಮಾಡಿ ಎಲ್ಲರೂ ಕೈಕಾಲು ತೊಳೆದುಕೊಂಡಿದ್ದರು. ಮುಖ ನೋಡಲು ಅವನಿಗೆ ಸಿಗಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಕಾಲ ಕಳೆದಂತೆ ಮನಸ್ಸು ಮಾಗುತ್ತಿತ್ತೋ ಏನೋ. ವಿರುಪಾಕ್ಷಪ್ಪ ಬಿಡಲಿಲ್ಲ. ವಿಡಿಯೋದವನಿಂದ ಆ ಧ್ವನಿ ತೆಗೆಸಿ, ತನ್ನ ಫೋಟೋ ಹಾಕಿ ಕ್ಯಾಸೆಟ್ಟು ಮಾಡಿಸಿದ. ರಾಯಬಾಗದಿಂದ ನಿಪ್ಪಾಣಿಯವರೆಗೆ ಚಹದ ಅಂಗಡಿಗಳಲ್ಲೆಲ್ಲ ಜಕ್ಕಪ್ಪ ಅವ್ವನಿಗಾಗಿ ಅತ್ತ ಅಳು ವಿರುಪಾಕ್ಷಪ್ಪನ ಹೆಸರಿನಲ್ಲಿ ಕೇಳಿಸತೊಡಗಿತು. ಆಮೇಲೆ ಯೂಟ್ಯೂಬಿಗೆ ಹೋಯಿತು, ಲಕ್ಷಗಟ್ಟಲೆ ಮಂದಿ ಕೇಳಿದರು. ಮಲಕಾರಿ ಬಂದು ಹೇಳಿದ ಆ ಹೊತ್ತು ಧ್ವನಿಯಲ್ಲಿ ಖಾಲಿಯಾಗಿ ಉಳಿದಿತ್ತು. ಡೋಲು ನಡೆಯುತ್ತದೆ, ಸ್ಯಾಕ್ಸೋಫೋನು ಏಳು ಎಣಿಕೆಯಷ್ಟು ಸುಮ್ಮನಿರುತ್ತದೆ, ಎಂಟನೆಯದಕ್ಕೆ ಅಳು ಏಳುತ್ತದೆ. ಅದೇ ಎಲ್ಲರಿಗೂ ಮೆಚ್ಚುಗೆಯಾಯಿತು. 'ಮಾಲಕರ ಮೌನ' ಎಂದು ಹೆಸರೂ ಬಿತ್ತು.

ಒಂದು ದಿನ ಜಕ್ಕಪ್ಪ ಮೊಬೈಲಿನಲ್ಲಿ ವಿರುಪಾಕ್ಷಪ್ಪನ ಸಂದರ್ಶನ ನೋಡಿದ. "ಜಾಝ್ ಅಂದ್ರ ಊದೂದಲ್ರಿ, ಬಿಡೂದು," ಎಂದು ಅವನು ಮೀಸೆ ತೀಡುತ್ತ ಹೇಳುತ್ತಿದ್ದ. "ಆ ಏಳ ಎಣಿಕಿ ನಾ ಭಾಳ ವಿಚಾರ ಮಾಡಿ ಬಿಟ್ಟೀನಿ."

ಆ ಏಳು ಎಣಿಕೆಯೊಳಗೆ ವಿರುಪಾಕ್ಷಪ್ಪನದೇ ಧ್ವನಿ ಇತ್ತು. ಕಿವಿಗೆ ಒತ್ತಿ ಹಿಡಿದರೆ ಡೋಲಿನ ಸದ್ದಿನಡಿ 'ಬಾರಸಲೇ' ಎನ್ನುವುದು ಕೇಳಿಸುತ್ತಿತ್ತು. ಬೇರೆಯವರು ಗದ್ದಲ ಎಂದುಕೊಂಡರು. ಜಕ್ಕಪ್ಪ ಮೊಬೈಲನ್ನು ಗೋಡೆಗೆ ಎಸೆದ. ರಾಮವ್ವ ಅದರ ತುಣುಕು ಹೆಕ್ಕಿದಳು.

ಇಷ್ಟಾದರೂ ಹೊಟ್ಟೆಪಾಡಿಗೆ ಅವನು ಕಾಗವಾಡದ ಆಮೇಲೆಯೂ ಒಟ್ಟು ಹತ್ತೊಂಬತ್ತು ವರ್ಷ ಅದೇ ಬೆನ್ನಿನ ಹಿಂದೆ ನಿಂತು ಊದಿದ. ಡಾಲ್ಬಿ ಬಂದು ಬ್ಯಾಂಡು ಮುಚ್ಚಿತು. ಎರಡು ವರ್ಷದ ಹಿಂದೆ ಕಲಾವಿದರ ಗುರುತಿನ ಚೀಟಿಗೆ ಮಾಲಕರ ಪತ್ರ ಬೇಕೆಂದು ಕೇಳಲು ಹೋದರೆ, ಬರೆಯಲು ಕೂತ ಮಾಲಕರ ಗುಮಾಸ್ತ ಜಾಝ್ ಎಂದದ್ದನ್ನು ಝಾಂಜ್ ಎಂದು ಬರೆದ. ವಿರುಪಾಕ್ಷಪ್ಪ ಅದನ್ನು ಓದಿದ, ನಕ್ಕ, ತಿದ್ದದೆ ಸಹಿ ಮಾಡಿದ. ಹೀಗೆ ಸರಕಾರದ ಲೆಕ್ಕದಲ್ಲಿ ಜಕ್ಕಪ್ಪ ಜನ್ಮದಲ್ಲಿ ತಾಳ ಬಿಟ್ಟು ಬೇರೇನೂ ಮುಟ್ಟಿದವನಲ್ಲ. ಅವತ್ತು ಅವನು ನಿರ್ಧರಿಸಿದ: ಹಲ್ಲು ಉದುರುವುದರೊಳಗೆ ಈ ಮನುಷ್ಯನನ್ನು ನಾಲ್ಕು ಮಂದಿಯ ಮುಂದೆ ಬತ್ತಲೆ ನಿಲ್ಲಿಸಬೇಕು.

ಅವಕಾಶ ಕಾರಿನಲ್ಲಿ ಕೂತು ಮನೆ ಬಾಗಿಲಿಗೇ ಬಂತು. ವಿರುಪಾಕ್ಷಪ್ಪ ಮುಪ್ಪಾಗಿದ್ದ, ಮೀಸೆಗೆ ಬಣ್ಣ ಹಚ್ಚಿದ್ದ.

"ಜಕ್ಕಪ್ಪ, ಹಲ್ಲ ಅದಾವೇನೋ?" ಎಂದು ಕಟ್ಟೆಯ ಮೇಲೆ ಕೂರುವ ಮೊದಲೇ ಕೇಳಿದ. ಆರಾಮ ಇದ್ದೀಯಾ ಎಂದು ಕೇಳಲಿಲ್ಲ.

"ಎರಡ ಅದಾವ್ರಿ ಮಾಲಕ್ರ."

"ಸಾಕ ಬಿಡು. ಚಿಕ್ಕೋಡ್ಯಾಗ ನನಗ ಸತ್ಕಾರ ಇಟ್ಟಾರ, ಐವತ್ತ ವರ್ಷದ ಜಾಝ್ ಸೇವಾ ಅಂತ. ಮಂದಿ ಕಾಗವಾಡದ್ದ ಬೇಕ ಅಂತ ಹಟಾ ಹಿಡದಾರ. ಹಳೇ ಮಂದೀನ ನಾಕ್ ಜನಾ ಕೂಡಸಾಕತ್ತೀನಿ. ನೀ ಹಿಂದಿನ ಸಾಲಿನ್ಯಾಗ ನಿಂದ್ರು, ಮೊದಲಿನಂಗ. ಆ ಏಳ ಎಣಿಕಿ ಮಾತ್ರ ತಪ್ಪಬಾರದು ಮತ್ತ."

ಎಲೆ ಅಡಿಕೆ ಮುಂದೆ ಚಾಚಿದ. ಜಕ್ಕಪ್ಪ ಅಂಗೈಯೊಡ್ಡಿ ಬೆರಳು ಮಡಚಿದ. ಕಾರು ಹೋದ ಮೇಲೆ ರಾಮವ್ವ ಒಳಗಿನಿಂದ ಬಂದಳು. ಅವಳ ಕಣ್ಣು ಕೆಂಪಗಾಗಿತ್ತು.

"ಅತ್ತಿ ಮಾರಿ ನೋಡಾಕ ಬಿಡದ ಕೈ ಅದು. ಆ ಕೈಲೆ ಸುಪಾರಿ ತಗೊಂಡ್ರಿ?"

"ಅದಕ್ಕ ತಗೊಂಡೀನಿ," ಎಂದ ಜಕ್ಕಪ್ಪ. "ಏಳ ಎಣಸ್ತೀನಿ. ಎಂಟಕ್ಕ ಊದೂದಿಲ್ಲ."

"ಸುಪಾರಿ ನಡುವ ಬಿಡಾವರ ಏನ್ ನೀವು? ನಿಮ್ಮ ಕೈಲೆ ಆಗೂದಿಲ್ಲ ತಗೋರಿ," ಎಂದಳು. ಚುಚ್ಚಬೇಕೆಂದು ಅಂದದ್ದಲ್ಲ, ಗಂಡ ಎಂಥವನೆಂದು ಗೊತ್ತಿದ್ದು ಅಂದದ್ದು.

ಅವಳ ಮಾತು ಖರೇ ಆಯಿತು. ಮರುದಿನದಿಂದ ಜಕ್ಕಪ್ಪ ಹೊಲಕ್ಕೆ ಹೋಗಿ ಅಭ್ಯಾಸಕ್ಕೆ ಕೂತ. ಜನ್ಮವಿಡೀ ಊದುವುದನ್ನು ಅಭ್ಯಾಸ ಮಾಡಿದವನು ಈಗ ಊದದಿರುವುದನ್ನು ಅಭ್ಯಾಸ ಮಾಡಬೇಕಿತ್ತು. ಹಾಡು ಎತ್ತಿಕೊಂಡು, ಎರಡನೆಯ ಸುತ್ತಿಗೆ ಕುರಿ ಬಿಟ್ಟು, ಆ ಜಾಗಕ್ಕೆ ಬಂದು ನಿಲ್ಲಿಸುತ್ತಿದ್ದ. ಪಾದದಿಂದ ಎಣಿಸುತ್ತಿದ್ದ. ಎಂಟನೆಯದಕ್ಕೆ ಉಸಿರು ತಾನಾಗಿ ನುಗ್ಗಿ ಹೊರಬಂದುಬಿಡುತ್ತಿತ್ತು. ತುಟಿ ಬಿಗಿದರೂ ಬರುತ್ತಿತ್ತು, ಅವ್ವನನ್ನು ನೆನೆದರಂತೂ ಮೊದಲೇ ಬರುತ್ತಿತ್ತು. ಎಂಟು ದಿನ ಕೂತ, ಒಂದು ಸಲವೂ ಆಗಲಿಲ್ಲ. 'ಅಷ್ಟೂ ಸುಪಾರಿ ಮುಗಿಸಿದ ಎದೆ ಇದು, ಇದಕ್ಕೆ ಅರ್ಧಕ್ಕೆ ನಿಲ್ಲುವುದು ತಿಳಿಯದು' ಎಂದು ಅವನಿಗೆ ತನ್ನ ಎದೆಯ ಮೇಲೇ ಸಿಟ್ಟು ಬಂತು. ಸಭೆಯಲ್ಲಿಯೂ ಹೀಗೇ ಆದರೆ ಅವ್ವನಿಗಾಗಿ ಅತ್ತ ಅಳು ಎರಡನೆಯ ಸಲ ವಿರುಪಾಕ್ಷಪ್ಪನ ಪಾಲಾಗುತ್ತಿತ್ತು, ಈ ಸಲ ಹಾರ ತುರಾಯಿಯ ಸಮೇತ.

ಸತ್ಕಾರದ ದಿನ ಮುಂಜಾನೆ ಹನ್ನೊಂದಕ್ಕೆಲ್ಲ ಸಭಾಭವನ ತುಂಬಿತ್ತು. 'ಜಾಝ್ ಸಾಮ್ರಾಟ' ಎಂದು ದೊಡ್ಡ ಬ್ಯಾನರು. ವಿರುಪಾಕ್ಷಪ್ಪ ಹಳೆಯ ಕೆಂಪು ಕೋಟಿನಲ್ಲಿ ಬಂದ, ಕಾಲರಿಗೆ ಮಾತಾಡಲು ಸಣ್ಣ ಮೈಕು ಸಿಕ್ಕಿಸಿದ್ದರು. ಹೂವಿನ ಹಾರ, ಶಾಲು, ಫಲಕ, ನಾಲ್ಕು ಭಾಷಣ ಆದವು. ಒಬ್ಬ ಭಾಷಣಕಾರ 'ಮಾಲಕರ ಮೌನ'ದ ಮೇಲೆ ಕಾಲು ಗಂಟೆ ಮಾತಾಡಿದ. ಜಕ್ಕಪ್ಪ ತುತ್ತೂರಿಯವರ ಮರೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನಾಲಿಗೆಯಿಂದ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನ ವಾದ್ಯದ ಮುಂದೆ, ಸಭೆಗೆ ಕಾಣದಂತೆ, ಇನ್ನೊಂದು ಮೈಕಿತ್ತು.

ಡೋಲು ಸುರುವಾಯಿತು. ವಿರುಪಾಕ್ಷಪ್ಪ ಎದ್ದು ವಾದ್ಯ ತುಟಿಗಿಟ್ಟ. ಜಕ್ಕಪ್ಪ ಹಿಂದೆ ಎದ್ದು ನಿಂತು ಊದಿದ. ಮೊದಲ ಸುತ್ತು ಗೆರೆ ಹೊಡೆದ ಹಾಗೆ ಬಂತು. ಎರಡನೆಯದರಲ್ಲಿ ಕುರಿ ಬಿಟ್ಟ. ಅಲ್ಲಾಡುವ ಹಲ್ಲು ಕುಯ್ಯುವಂತೆ ನೋಯುತ್ತಿತ್ತು, ಆದರೂ ನಾದ ನಡುಗಲಿಲ್ಲ. ಮುಂದೆ ವಿರುಪಾಕ್ಷಪ್ಪನ ಬೆರಳು ಕುಣಿಯುತ್ತಿತ್ತು. ಜಕ್ಕಪ್ಪ ಅವತ್ತು ಮೊದಲ ಸಲ ತುತ್ತೂರಿಯವರ ಸಂದಿಯಿಂದ ಆ ಬೆರಳುಗಳನ್ನು ನೋಡುತ್ತ ಊದಿದ. ಒಂದೂ ತಪ್ಪಿರಲಿಲ್ಲ. ಊದಲು ಬಾರದ ಮನುಷ್ಯ ಜಕ್ಕಪ್ಪನ ಹಾದಿಯನ್ನು ತಿರುವು ತಿರುವಿನ ಸಮೇತ ಬೆರಳಿನಲ್ಲಿ ಬಾಯಿಪಾಠ ಮಾಡಿಟ್ಟುಕೊಂಡಿದ್ದ. ತನ್ನನ್ನು ಇಷ್ಟು ಲಕ್ಷ್ಯ ಕೊಟ್ಟು ಕೇಳಿದವನು ಜಗತ್ತಿನಲ್ಲಿ ಇವನೊಬ್ಬನೇ ಎಂದು ಜಕ್ಕಪ್ಪನಿಗೆ ಹೊಳೆಯಿತು. ಸಿಟ್ಟು ಇಳಿಯಲಿಲ್ಲ, ಏರಿತು. ಇಷ್ಟು ಕೇಳುವ ಕಿವಿಯಿದ್ದವನು ಅವತ್ತಿನ ಅಳುವನ್ನೂ ಕೇಳಿಯೇ ಇದ್ದ. ಕೇಳಿ ತಿಳಿದೇ ಕ್ಯಾಸೆಟ್ಟು ಮಾಡಿಸಿದ್ದ.

ಆ ಜಾಗ ಬಂತು. ಜಕ್ಕಪ್ಪ ನಿಲ್ಲಿಸಿದ. ಸಭೆ ಉಸಿರು ಬಿಗಿಹಿಡಿಯಿತು. ಡೋಲು ಒಂದು, ಎರಡು, ಮೂರು ಎಂದು ನಡೆಯಿತು. ಆರಕ್ಕೆ ಜಕ್ಕಪ್ಪನ ಎದೆ ತುಂಬಿತು. ಏಳಕ್ಕೆ ತುಟಿ ತಾನಾಗಿ ಬಿಗಿಯಿತು. ಅವನು ತಲೆಯನ್ನು ಹಿಂದಕ್ಕೆ ಕಿತ್ತುಕೊಂಡ. ಎಂಟನೆಯದಕ್ಕೆ ಉಸಿರು ಬಂತು, ಬರಿಗಾಳಿಗೆ ಬಂತು, ವಾದ್ಯದೊಳಗೆ ಹೋಗಲಿಲ್ಲ.

ಮುಂದೆ ವಿರುಪಾಕ್ಷಪ್ಪನ ಬೆರಳು ಎಂಟಕ್ಕೆ ಸರಿಯಾಗಿ ಎದ್ದಿತ್ತು. ಕೆನ್ನೆ ಉಬ್ಬಿತು, ಕಣ್ಣು ಮುಚ್ಚಿತು, ಮೈ ಹಿಂದಕ್ಕೆ ಬಾಗಿತು, ಬೆರಳು ಆ ಅಳುವಿನ ಮೆಟ್ಟಿಲನ್ನು ಸರಸರನೆ ಹತ್ತಿತು. ಸದ್ದಿಲ್ಲ. ಮೌನವನ್ನು ಇನ್ನೂ ಉದ್ದ ಮಾಡಿದ್ದಾರೆಂದು ತಿಳಿದು ಮುಂದಿನ ಸಾಲಿನಲ್ಲಿ ಒಬ್ಬ 'ವಾಹ್ ಮಾಲಕ್ರ' ಎಂದ. ಹನ್ನೆರಡಾಯಿತು, ಹದಿನಾರಾಯಿತು. ಬೆರಳು ಓಡುತ್ತಲೇ ಇತ್ತು. ಹಿಂದಿನ ಕುರ್ಚಿಗಳಿಂದ ಮೊದಲು ಒಂದು ನಗು ಬಂತು, ಆಮೇಲೆ ಹತ್ತು ಬಂದವು. ಡೋಲಿನವನೂ ಗೊಂದಲವಾಗಿ ಕೈ ನಿಲ್ಲಿಸಿದ. ಜಕ್ಕಪ್ಪನಿಗೆ ಖುಷಿಯಾಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಆಗದಷ್ಟು ಖುಷಿಯಾಯಿತು. ಅದಕ್ಕಾಗಿ ಅವನು ನಾಚಿಕೊಳ್ಳಲೂ ಇಲ್ಲ.

ವಿರುಪಾಕ್ಷಪ್ಪ ಗರ್ರನೆ ತಿರುಗಿದ. ಕಾಲರಿನಲ್ಲಿದ್ದ ಮೈಕನ್ನು ಮರೆತಿದ್ದ.

"ಬಾರಸಲೇ! ಸುಪಾರಿ ತಗೊಂಡಿ!"

ಆ ಮಾತು ಸಭಾಭವನದ ನಾಲ್ಕೂ ಗೋಡೆಗೆ ಬಡಿಯಿತು. ನಗುತ್ತಿದ್ದವರು ಸುಮ್ಮನಾಗಿ, ಯಾರಿಗೆ ಹೇಳಿದ್ದೆಂದು ಕತ್ತು ಚಾಚಿ ನೋಡಿದರು. ತುತ್ತೂರಿಯವರಿಬ್ಬರು ತಾವಾಗಿಯೇ ಪಕ್ಕಕ್ಕೆ ಸರಿದರು. ಹಿಂದೆ, ಕೊರಳಿಗೆ ಸ್ಯಾಕ್ಸೋಫೋನು ತೂಗಿಕೊಂಡು ಒಬ್ಬ ಸಣ್ಣ ಮುದುಕ ನಿಂತಿದ್ದ. ಅವನು ಕೊಂಡಿ ಬಿಚ್ಚಿ, ವಾದ್ಯವನ್ನು ಕುರ್ಚಿಯ ಮೇಲೆ ಮೆಲ್ಲಗೆ ಇಟ್ಟ. ಮೈಕು ಅವನ ಬಾಯಿಗೂ ಹತ್ತಿರವೇ ಇತ್ತು.

"ನಮ್ಮವ್ವ ಸತ್ತಾಳ್ರಿ ಮಾಲಕ್ರ," ಎಂದ ಜಕ್ಕಪ್ಪ. "ನಾ ಊರಿಗೆ ಹೊಂಟೀನಿ."

ಮೆಟ್ಟಿಲಿಳಿದು, ನಡುವಿನ ಹಾದಿಯಲ್ಲಿ ಎಲ್ಲರ ಎದುರಿಗೆ ನಡೆದು, ಅವನು ಹಲ್ಲಿನ ಡಾಕ್ಟರಿರುವ ರಾಯಬಾಗದ ಬಸ್ಸು ಹಿಡಿಯಲು ಹೋದ.